ಒಂದೇ ನಿಮಿಷ, ಬಂದೆ

ಅಷ್ಟೂ ಅನಾಹುತಕ್ಕೆ ಕಾರಣ ಒಂದು ರಬ್ಬರ್ ಬ್ಯಾಂಡು. ಅದೂ ಹೊಸದಲ್ಲ, ಯಾವುದೋ ಟಿಕೆಟ್ ಕಟ್ಟಿನಿಂದ ಬಿಚ್ಚಿದ್ದು, ಎಳೆದೆಳೆದು ಸೋತುಹೋಗಿದ್ದು. ಬಸ್ ನಿಲ್ದಾಣದ ಮೈಕಿಗೆ ಒಂದು ಗುಂಡಿ ಇತ್ತು. ಒತ್ತಿ ಹಿಡಿದರೆ ಮಾತು ಹೊರಗೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷ ಅದನ್ನು ಒತ್ತಿ ಒತ್ತಿ ಹೆಬ್ಬೆರಳು ಹಿಡಿದುಕೊಂಡಿದ್ದರಿಂದ ಮೈಕಣ್ಣ ಗುಂಡಿಗೆ ರಬ್ಬರ್ ಬ್ಯಾಂಡು ಸುತ್ತುತ್ತಿದ್ದ, ಹೇಳುವುದು ಮುಗಿದ ಮೇಲೆ ತೆಗೆಯುತ್ತಿದ್ದ. ಆ ಗುರುವಾರ ತೆಗೆಯಲು ಮರೆತ.

ಮೈಕಣ್ಣ ಅಂತ ತಂದೆತಾಯಿ ಇಟ್ಟ ಹೆಸರಲ್ಲ. ಅವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಭದ್ರವಾಗಿತ್ತು, ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ. ನಿಲ್ದಾಣದ ಮಹಡಿಯ ಮೇಲೆ ಗಾಜಿನ ಕಿಟಕಿಯ ಪುಟ್ಟ ಕೋಣೆ. ಅದರಲ್ಲಿ ಕೂತು ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರು ಮಾಡುವುದು ಅವನ ಕೆಲಸ. ಆದರೆ ಪ್ರಯಾಣಿಕರಿಗಿಂತ ಡ್ರೈವರುಗಳಿಗೇ ಅವನು ಹೆಚ್ಚು ಬೇಕಾದವನು. ಯಾಕೆಂದರೆ ಅಂಗಳ ಚಿಕ್ಕದು, ಬಸ್ಸುಗಳು ದೊಡ್ಡವು, ಗೇಟು ಒಂದೇ. ಹಿಂದಕ್ಕೆ ತೆಗೆಯುವ ಡ್ರೈವರಿಗೆ ಹಿಂದೇನಿದೆ ಎಂಬುದು ಕಾಣುವುದಿಲ್ಲ, ಮೇಲಿನ ಕಿಟಕಿಯಿಂದ ನೋಡುವವನಿಗೆ ಎಲ್ಲ ಕಾಣುತ್ತದೆ. ‘ನೀಲಿ ಎರಡು, ಹಿಂದೆ, ಇನ್ನೂ ಹಿಂದೆ, ನಿಲ್ಲು’ ಎಂದು ಮೈಕಣ್ಣ ಹೇಳುವುದು, ಡ್ರೈವರುಗಳು ಕನ್ನಡಿಯನ್ನೂ ನೋಡದೆ ಹಾಗೇ ಮಾಡುವುದು, ಇದು ಅಲ್ಲಿನ ಪದ್ಧತಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಸ್ಸಿನ ಬಣ್ಣವೂ ಇನ್ನೊಂದಕ್ಕೆ ಹತ್ತಿರಲಿಲ್ಲ. ಆ ದನಿ ಹೇಳಿತೆಂದರೆ ಅದು ವೇದವಾಕ್ಯ.

ಈ ದನಿಯ ಒಡೆಯನಿಗೆ ಹತ್ತು ದಿನದಿಂದ ಊಟ ರುಚಿಸುತ್ತಿರಲಿಲ್ಲ. ಹೆಂಡತಿಯ ಕುತ್ತಿಗೆಯ ಹಿಂದೆ ಒಂದು ಸಣ್ಣ ಗಂಟು ಎದ್ದಿತ್ತು. ಡಾಕ್ಟರು ಮುಟ್ಟಿ ನೋಡಿ, ಏನೂ ಇರಲಾರದು, ಆದರೂ ಪರೀಕ್ಷೆ ಮಾಡಿಸೋಣ ಎಂದರು. ಈ ‘ಆದರೂ’ ಎಂಬ ಒಂದು ಮಾತು ಗಂಡ ಹೆಂಡತಿ ಇಬ್ಬರ ನಿದ್ದೆಯನ್ನೂ ತಿಂದುಹಾಕಿತು. ಲ್ಯಾಬಿನಲ್ಲಿ ಸೂಜಿ ಚುಚ್ಚಿ ಏನೋ ತೆಗೆದುಕೊಂಡರು. ರಿಪೋರ್ಟು ಗುರುವಾರ ಬರುತ್ತದೆ, ನಾಲ್ಕು ಗಂಟೆಯೊಳಗೆ ಫೋನು ಮಾಡುತ್ತೇವೆ ಎಂದರು. ಮೈಕಣ್ಣ ತನ್ನ ನಂಬರು ಬರೆಸಿ ಬಂದು, ಹೆಂಡತಿಗೆ ಶುಕ್ರವಾರ ಎಂದು ಹೇಳಿದ. ಕೆಟ್ಟ ಸುದ್ದಿಯಾದರೆ ಮೊದಲು ತಾನು ಕೇಳಿ, ಒಂದು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಆಮೇಲೆ ಮೆತ್ತಗೆ ಹೇಳೋಣ ಎಂಬುದು ಅವನ ಲೆಕ್ಕಾಚಾರ. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಅವನು ಹೇಳಿದ ದೊಡ್ಡ ಸುಳ್ಳು ಅದು.

ಗಂಟಿನ ಬಗ್ಗೆ ಮನೆಯಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡದೆ ಇರಲಾರದ ಮೈಕಣ್ಣ ಅದರ ಬದಲು ಕೆಲಸ ಮಾಡತೊಡಗಿದ. ಇಪ್ಪತ್ತೆಂಟು ವರ್ಷ ಒಲೆಯ ಮುಖ ನೋಡದವನು ಬೆಳಿಗ್ಗೆ ಎದ್ದು ಟೀ ಮಾಡಿ ಹೆಂಡತಿಯ ಹಾಸಿಗೆಯ ಹತ್ತಿರ ತಂದುಕೊಟ್ಟ. ಟೀ ಕುದಿದು ಕುದಿದು ಕಷಾಯವಾಗಿರುತ್ತಿತ್ತು. ಅವಳು ಅದನ್ನು ಪೂರ್ತಿ ಕುಡಿಯುತ್ತಿದ್ದಳು. ಲೋಟ ಕೆಳಗಿಡುವಾಗ ಒಂದು ಸಲ ಅವನ ಮುಖ ನೋಡುತ್ತಿದ್ದಳು, ಅಷ್ಟೆ.

ಇನ್ನು ಆಟದ ವಿಷಯ. ಮಗಳು ಹಿಂದೆ ಯಾವಾಗಲೋ ಬಂದಾಗ, ಅವಳ ಮಗು ಅಜ್ಜನ ಫೋನಿನಲ್ಲಿ ಹಾಕಿಸಿಕೊಂಡು ಹೋಗಿದ್ದ ಆಟ ಅದು. ಪರದೆಯ ಮೇಲೆ ಒಂದು ಅಂಗಳ, ಅದರ ತುಂಬ ಬಣ್ಣ ಬಣ್ಣದ ಪುಟ್ಟ ಬಸ್ಸುಗಳು, ಒಂದಕ್ಕೊಂದು ಅಡ್ಡ. ಒಂದೊಂದಾಗಿ ಮುಟ್ಟಿ ಹೊರಗೆ ಕಳಿಸಬೇಕು. ದಾರಿ ತೆರವಾದ ಬಸ್ಸು ‘ಪೀಂ ಪೀಂ’ ಎಂದು ಹೋಗುತ್ತದೆ, ಎಲ್ಲ ಹೋದ ಮೇಲೆ ಪುಟ್ಟ ಜನ ಕುಣಿಯುತ್ತಾರೆ. ದಿನವಿಡೀ ಬಸ್ಸು ಬಿಡಿಸುವವನು ಬಿಡುವಾದಾಗಲೂ ಬಸ್ಸನ್ನೇ ಬಿಡಿಸುವುದೆಂದರೆ ಯಾರಾದರೂ ನಕ್ಕಾರು. ಆದರೆ ಆ ಆಟದಲ್ಲಿ ಒಂದು ಗುಣವಿತ್ತು. ಎಷ್ಟೇ ಸಿಕ್ಕಾಗಿದ್ದರೂ ಬಿಡಿಸಲು ಒಂದು ದಾರಿ ಇದ್ದೇ ಇರುತ್ತಿತ್ತು. ತಾಳ್ಮೆಯಿಂದ ನೋಡಿದರೆ ಸಾಕು, ಸಿಗುತ್ತಿತ್ತು. ಆ ಹತ್ತು ದಿನದಲ್ಲಿ ಅಷ್ಟು ಭರವಸೆ ಕೊಟ್ಟ ಇನ್ನೊಂದು ವಸ್ತು ಅವನಿಗೆ ಲೋಕದಲ್ಲಿ ಕಾಣಲಿಲ್ಲ.

ಐವತ್ತನಾಲ್ಕರ ಗಂಡಸು ಹೆಂಡತಿಯ ಎದುರು ಮಕ್ಕಳ ಆಟ ಆಡುವುದಕ್ಕೆ ನಾಚಿಕೆ. ಹಾಗಾಗಿ ಮನೆಯಲ್ಲಿ ಬಚ್ಚಲೇ ಅವನ ಆಟದ ಮೈದಾನ. ಬುಧವಾರ ಸಂಜೆ ನೂರಾ ಹದಿನೇಳನೆಯ ಆಟದಲ್ಲಿ ಹಳದಿ ಬಸ್ಸೊಂದು ಜಪ್ಪಯ್ಯ ಅಂದರೂ ಹೊರಡದೆ ಕೂತಿದ್ದಾಗ ಹೆಂಡತಿ ಮೂರು ಸಲ ಬಾಗಿಲು ತಟ್ಟಿದಳು. ಮೂರು ಸಲವೂ ಒಳಗಿನಿಂದ “ಒಂದೇ ನಿಮಿಷ, ಬಂದೆ” ಎಂಬ ಉತ್ತರ ಹೋಯಿತು. ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದಾಗ ಅವಳು ಬಟ್ಟೆ ಮಡಿಚುತ್ತಾ ಕೂತಿದ್ದಳು. ಏನು ಬೇಕಿತ್ತು ಎಂದು ಕೇಳಿದ. ಏನಿಲ್ಲ, ಬಕೆಟ್ಟು ಬೇಕಿತ್ತು ಎಂದಳು.

ಮರುದಿನ ಗುರುವಾರ. ಹನ್ನೊಂದೂವರೆಯ ಬಸ್ಸಿನ ಬಗ್ಗೆ ಹೇಳಿ ಮುಗಿಸಿದ ಮೈಕಣ್ಣ ಗಡಿಯಾರ ನೋಡಿದ. ನಾಲ್ಕು ಗಂಟೆಗೆ ಇನ್ನೂ ನಾಲ್ಕೂವರೆ ತಾಸು. ಹತ್ತು ನಿಮಿಷ ಆಡಿದರೆ ಸಮಾಧಾನವಾದೀತು ಎಂದು ಫೋನು ತೆಗೆದ. ರಬ್ಬರ್ ಬ್ಯಾಂಡು ಇದ್ದಲ್ಲೇ ಇತ್ತು.

ಮೈಕಣ್ಣನಿಗೆ ಇನ್ನೊಂದು ಚಾಳಿ. ಯಾವ ಬಸ್ಸು ಕಣ್ಣಿಗೆ ಬಿದ್ದರೂ ಅದಕ್ಕೆ ಬಾಯಲ್ಲಿ ಹೇಳಿಯೇ ತೀರಬೇಕು. ಪುಟ್ಟ ಬಸ್ಸುಗಳಿಗೂ ಹೇಳಿದ. “ಕೆಂಪು ಮುಂದೆ. ಹಸಿರು ಹಿಂದೆ, ಹಿಂದೆ, ಇನ್ನೂ ಹಿಂದೆ. ನೀಲಿ ಎಡಕ್ಕೆ ತಿರುಗು. ಕೆಂಪು ಇನ್ನೂ ಸ್ವಲ್ಪ ಮುಂದೆ. ಬಾ ಮರಿ, ದಾರಿ ಇದೆ, ಬಾ.”

ಕೆಳಗೆ ಅಂಗಳದಲ್ಲಿ ಆಗ ಹದಿಮೂರು ಬಸ್ಸುಗಳಿದ್ದವು. ಕೆಂಪು ಎಂದರೆ ಯಾವ ಕೆಂಪು ಎಂದು ಮೇಲಿನ ದನಿ ಹೇಳಲಿಲ್ಲ, ಆದ್ದರಿಂದ ಐದು ಕೆಂಪು ಬಸ್ಸುಗಳೂ ಮುಂದೆ ಬಂದವು. ನಾಲ್ಕು ಹಸಿರು ಬಸ್ಸುಗಳು ಹಿಂದೆ ಹೋದವು. ನೀಲಿಯವು ಎಡಕ್ಕೆ ತಿರುಗಿದವು. ಡ್ರೈವರುಗಳಿಗೆ ಒಂದಿಷ್ಟು ಆಶ್ಚರ್ಯವಾಗಿದ್ದೇನೋ ನಿಜ. ಒಬ್ಬನಂತೂ ಇಷ್ಟು ವರ್ಷಕ್ಕೆ ಮೊದಲ ಸಲ ತನ್ನನ್ನು ಮರಿ ಅಂದರಲ್ಲ ಎಂದು ಖುಷಿಯಿಂದಲೇ ಗೇಟಿಗೆ ಅಡ್ಡವಾಗಿ ನಿಂತ. ಹಾರ್ನುಗಳು ಮೊಳಗತೊಡಗಿದವು. ಮೈಕಣ್ಣನಿಗೆ ಅದು ಕೇಳಿಸಿತು. ಫೋನಿನ ಶಬ್ದ ಜಾಸ್ತಿಯಾಗಿದೆ ಎಂದುಕೊಂಡು ಕಡಿಮೆ ಮಾಡಿದ.

ಎಷ್ಟು ಕಡಿಮೆ ಮಾಡಿದರೂ ಹಾರ್ನು ಕಡಿಮೆಯಾಗದಿದ್ದಾಗ ತಲೆ ಎತ್ತಿ ಕಿಟಕಿಯ ಹೊರಗೆ ನೋಡಿದ. ಫೋನಿನಲ್ಲಿದ್ದ ಅಂಗಳವೇ ದೊಡ್ಡದಾಗಿ ಕೆಳಗೆ ಬಿದ್ದಿತ್ತು. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಗೇಣು ಜಾಗ. ಗೇಟಿನಲ್ಲಿ ಎರಡು ಬಸ್ಸು ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿದ್ದವು. ಕೈ ರಬ್ಬರ್ ಬ್ಯಾಂಡಿನ ಮೇಲೆ ಹೋಯಿತು. ಆಗ ಅರ್ಥವಾಯಿತು.

ಮ್ಯಾನೇಜರು ಮೆಟ್ಟಿಲು ಹತ್ತಿ ಬಂದದ್ದು ಎರಡೇ ನಿಮಿಷದಲ್ಲಿ. ಅವರನ್ನು ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದುದು ಕ್ಯಾಲೆಂಡರ್ ಸಾಹೇಬರು ಎಂದು. ನಿವೃತ್ತಿಗೆ ಮೂವತ್ತೆರಡು ದಿನ ಉಳಿದಿತ್ತು, ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ ದಿನಾ ಒಂದು ಮನೆಗೆ ಕಾಟು ಹಾಕುತ್ತಿದ್ದರು. ಉಳಿದ ಮೂವತ್ತೆರಡು ದಿನ ಒಂದು ಇರುವೆಯೂ ಸಾಯದೆ ಕಳೆಯಲಿ ಎಂಬುದೊಂದೇ ಅವರ ಆಸೆ. ಅವರು ಬಯ್ಯಲಿಲ್ಲ. ಮೈಕಣ್ಣನ ಕೈಯಿಂದ ಫೋನು ತೆಗೆದುಕೊಂಡು, ಪರದೆಯ ಮೇಲಿನ ಪುಟ್ಟ ಬಸ್ಸುಗಳನ್ನು ನೋಡಿ, ಕಿಟಕಿಯಾಚೆಯ ದೊಡ್ಡ ಬಸ್ಸುಗಳನ್ನು ನೋಡಿ, ಫೋನನ್ನು ಅಂಗಿಯ ಜೇಬಿಗೆ ಇಳಿಸಿದರು.

“ಅಂಗಳ ಖಾಲಿ ಆದ್ಮೇಲೆ ಬಂದು ಫೋನ್ ಇಸ್ಕೊಳ್ಳಿ,” ಎಂದರು. “ಅಲ್ಲೀತನಕ ನನ್ನ ಹತ್ರ ಇರುತ್ತೆ.”

“ಸಾರ್, ಒಂದು ಫೋನ್ ಬರೋದಿದೆ.”

“ಬರ್ಲಿ. ಬಸ್ಸೂ ಬರೋದಿದೆ.”

ಯಾರ ಫೋನು ಎಂದು ಹೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರೋ ಏನೋ. ಆದರೆ ಹಿಂದೆಯೇ ಬಾಗಿಲಲ್ಲಿ ಪಕ್ಕದ ಮನೆಯ ಕಂಡಕ್ಟರ್ ನಿಂತಿದ್ದ. ಅವನ ಕಿವಿಗೆ ಬಿದ್ದದ್ದು ಹತ್ತು ನಿಮಿಷದಲ್ಲಿ ಅವನ ಹೆಂಡತಿಯ ಕಿವಿಗೆ, ಅಲ್ಲಿಂದ ಗೋಡೆ ಹಾರಿ ಮೈಕಣ್ಣನ ಹೆಂಡತಿಯ ಕಿವಿಗೆ. ರಿಪೋರ್ಟು ಗುರುವಾರವೇ ಎಂಬುದು ಅವಳಿಗೆ ಹೀಗೆ ಗೊತ್ತಾಗುವುದು ಬೇಡ. ಲ್ಯಾಬಿನ ನಂಬರು ಬಾಯಿಗೆ ಬರುವುದಿಲ್ಲ, ಅದು ಇದ್ದದ್ದು ಫೋನಿನಲ್ಲಿ. ಮೈಕಣ್ಣ ಬಾಯಿ ಮುಚ್ಚಿಕೊಂಡು ಮೈಕಿನ ಕಡೆ ತಿರುಗಿದ. ನಾಲ್ಕು ಗಂಟೆಯೊಳಗೆ ಅಂಗಳ ಖಾಲಿಯಾಗಬೇಕು, ಬೇರೆ ದಾರಿ ಇರಲಿಲ್ಲ.

“ಕೆಂಪು ಒಂದು, ಹಿಂದೆ,” ಎಂದ.

ಕೆಂಪು ಒಂದು ಅಲುಗಲಿಲ್ಲ. ಅದರ ಡ್ರೈವರು ಕಿಟಕಿಯಿಂದ ಕತ್ತು ಹೊರಹಾಕಿ ಮಹಡಿಯ ಕಡೆ ನೋಡಿ, “ಈಗ ಹೇಳ್ತಿರೋದು ನನಗೋ, ಆ ಆಟದ ಬಸ್ಸಿಗೋ?” ಎಂದು ಕೇಳಿದ. ಅಷ್ಟು ಹೊತ್ತಿಗೆ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಇಪ್ಪತ್ತೆರಡು ವರ್ಷ ಕಟ್ಟಿದ ನಂಬಿಕೆ ಹತ್ತು ನಿಮಿಷದಲ್ಲಿ ನೆಲಸಮವಾಗಿತ್ತು. ಡ್ರೈವರುಗಳು ಒಬ್ಬೊಬ್ಬರಾಗಿ ಇಳಿದು ಟೀ ಅಂಗಡಿಯ ಕಡೆ ನಡೆದರು.

ಮೈಕನ್ನು ನಂಬದಿದ್ದರೆ ನನ್ನನ್ನು ನಂಬಿ ಎಂದು ಕಂಡಕ್ಟರ್ ಮುಂದೆ ಬಂದ. ಪೀಪಿ ಊದಿಕೊಂಡು ಅಂಗಳದ ಮಧ್ಯೆ ನಿಂತು ಎರಡು ಬಸ್ಸು ಹಿಂದೆ ತೆಗೆಸಿದ. ಅವೆರಡೂ ಹಿಂದೆ ಹೋಗಿ, ಅದುವರೆಗೆ ಒಳ್ಳೆಯದಾಗಿಯೇ ನಿಂತಿದ್ದ ಮೂರನೆಯದನ್ನೂ ಸಿಕ್ಕಿಸಿ ಹಾಕಿದವು. ದಿನಾ ಬಂದು ಬೆಂಚಿನ ಮೇಲೆ ಕೂತು, ಯಾವ ಬಸ್ಸನ್ನೂ ಹತ್ತದೆ ಸಂಜೆ ಎದ್ದು ಹೋಗುವ ಒಬ್ಬ ತಾತ ಇದ್ದರು. ಅವರೂ ಕೋಲು ಎತ್ತಿ ದಾರಿ ತೋರಿಸಿದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಪೀಪಿಗೊಂದು ದಿಕ್ಕು, ಕೋಲಿಗೊಂದು ದಿಕ್ಕು. ಒಂದು ಗಂಟೆಯಾಗುವಷ್ಟರಲ್ಲಿ ನಡೆದುಕೊಂಡು ಹೋಗುವವರಿಗೂ ಗೇಟಿನಲ್ಲಿ ಜಾಗವಿರಲಿಲ್ಲ.

ಮೈಕಣ್ಣ ಕೆಳಗಿಳಿದು ಬಂದ. ಡ್ರೈವರು ಡ್ರೈವರಿನ ಹತ್ತಿರ ಹೋಗಿ ತಪ್ಪಾಯಿತು ಅಂದ. ಅವರೇನೂ ಕೆಟ್ಟವರಲ್ಲ, ಆದರೆ ಇಷ್ಟು ವರ್ಷದಲ್ಲಿ ಸಿಕ್ಕಿದ ಮೊದಲ ತಮಾಷೆಯನ್ನು ಅಷ್ಟು ಬೇಗ ಮುಗಿಸಲು ಯಾರಿಗೂ ಮನಸ್ಸಿರಲಿಲ್ಲ. ಒಬ್ಬ ಅವನನ್ನು ಮರಿ ಎಂದು ಕರೆದ. ಇನ್ನೊಬ್ಬ ದಾರಿ ಇದೆ, ಬಾ ಎಂದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮೈಕಣ್ಣನೂ ನಗಲು ನೋಡಿದ, ಮುಖ ಒಪ್ಪಲಿಲ್ಲ. ಟೀ ಅಂಗಡಿಯ ಅಕ್ಕ ಅದನ್ನು ನೋಡಿದಳು.

ಆ ಅಕ್ಕನದು ಮಾತು ಕಡಿಮೆ, ಕಣ್ಣು ಜಾಸ್ತಿ. ಹತ್ತು ದಿನದಿಂದ ಮೈಕಣ್ಣ ತರಿಸಿಕೊಂಡ ಟೀ ಅರ್ಧ ಲೋಟ ಉಳಿದು ವಾಪಸ್ಸು ಬರುತ್ತಿದ್ದುದು ಅವಳಿಗೆ ಗೊತ್ತಿತ್ತು. ಅವನನ್ನು ಒಲೆಯ ಹಿಂಬದಿಗೆ ಕರೆದು ಏನಾಗಿದೆ ಎಂದು ಕೇಳಿದಳು.

ಮನೆಯಲ್ಲಿ, ಆಫೀಸಿನಲ್ಲಿ, ಅಕ್ಕಪಕ್ಕದಲ್ಲಿ ಯಾರಿಗೂ ಹೇಳದ್ದು ಅಲ್ಲಿ ಹಾಲಿನ ಪಾತ್ರೆಯ ಎದುರು ಹೊರಗೆ ಬಂತು. “ನಾಲ್ಕು ಗಂಟೆಯೊಳಗೆ ಲ್ಯಾಬಿಂದ ಫೋನ್ ಬರುತ್ತೆ ಅಕ್ಕಾ. ನಮ್ಮನೆಯವಳ ರಿಪೋರ್ಟು. ಫೋನು ಸಾಹೇಬ್ರ ಜೇಬಲ್ಲಿದೆ. ಏನೋ ಮನಸ್ಸಿಗೆ ಸಮಾಧಾನ ಅಂತ ಆ ಆಟ ಆಡ್ತಿದ್ದೆ, ಅಷ್ಟೇ.”

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. ಹೊರಗೆ ಬಂದು ಒಲೆ ಆರಿಸಿ, ಅಂಗಳ ಖಾಲಿಯಾಗುವವರೆಗೂ ಯಾವ ಡ್ರೈವರಿಗೂ ಟೀ ಇಲ್ಲ ಎಂದು ಸಾರಿದಳು. ಯಾಕೆ ಎಂದು ಕೇಳಿದವನಿಗೆ ನಾಳೆಯೂ ಇಲ್ಲ ಎಂದಳು. ಬಸ್ಸಿಲ್ಲದೆ ನಿಲ್ದಾಣ ನಡೆದೀತು, ಟೀ ಇಲ್ಲದೆ ನಡೆಯುವುದು ಹೇಗೆ? ಡ್ರೈವರುಗಳ ತಮಾಷೆ ಅಲ್ಲಿಗೆ ಇಳಿಯಿತು.

ಆಮೇಲೆ ಅವಳು ಖಾಲಿ ಲೋಟಗಳ ತಟ್ಟೆಯನ್ನು ಬೆಂಚಿನ ಮೇಲೆ ತಂದಿಟ್ಟಳು. ಆಟದಲ್ಲಿ ಹೇಗೆ ಬಿಡಿಸ್ತೀರೋ ಹಾಗೇ ಬಿಡಿಸಿ ನೋಡೋಣ ಎಂದಳು. ಮೈಕಣ್ಣ ಮಂಡಿಯೂರಿ ಕೂತು ಹದಿಮೂರು ಲೋಟಗಳನ್ನು ಅಂಗಳದಲ್ಲಿದ್ದ ಹಾಗೆಯೇ ಜೋಡಿಸಿದ. ಡ್ರೈವರುಗಳು ಸುತ್ತ ಬಗ್ಗಿದರು. ಇದು ನನ್ನದು, ಮೂತಿ ಆ ಕಡೆಗಿರಲಿ ಎಂದು ಒಬ್ಬ ತನ್ನ ಲೋಟವನ್ನು ಸರಿ ಮಾಡಿದ. ಒಂದು ಲೋಟ ತೆಗೆದರೆ ಇನ್ನೊಂದು ಅಡ್ಡ. ಎರಡು ಗಂಟೆಯಾಯಿತು. ಎರಡೂವರೆಯಾಯಿತು. ಮೈಕಣ್ಣನ ಬೆವರು ಲೋಟದೊಳಗೆ ಬೀಳುತ್ತಿತ್ತು.

ಆಗ ಅವನಿಗೆ ನೂರಾ ಹದಿನೇಳನೆಯ ಆಟ ನೆನಪಾಯಿತು. ಮುಕ್ಕಾಲು ಗಂಟೆ ಸತಾಯಿಸಿದ್ದು ಅದೇ. ಎಲ್ಲ ಬಸ್ಸನ್ನೂ ನೋಡಿದ್ದ, ಮೂಲೆಯಲ್ಲಿದ್ದ ಒಂದು ಬೂದು ಬಸ್ಸನ್ನು ಮಾತ್ರ ಗೋಡೆ ಎಂದುಕೊಂಡು ಬಿಟ್ಟಿದ್ದ. ಅದನ್ನು ಒಂದು ಮನೆ ಸರಿಸಿದ ಕೂಡಲೇ ಎಲ್ಲ ಸರಾಗವಾಗಿತ್ತು. ಮೈಕಣ್ಣ ಅಕ್ಕನ ಹತ್ತಿರ ಹದಿನಾಲ್ಕನೆಯ ಲೋಟ ಕೇಳಿ ಇಸಿದುಕೊಂಡು ಮೂಲೆಯಲ್ಲಿಟ್ಟ.

“ಅದ್ಯಾವುದು?” ಎಂದ ಕಂಡಕ್ಟರ್.

“ಕೆಟ್ಟು ನಿಂತಿರೋದು.”

“ಅದು ಬಸ್ಸಲ್ಲ ಮೈಕಣ್ಣ. ಎಂಟು ತಿಂಗಳಾಯ್ತು, ಅದು ಗೋಡೆ.”

ಗೋಡೆ ಎಂದರೂ ತಪ್ಪಲ್ಲ. ಅದರ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿತ್ತು, ಬೆಂಚಿನ ತಾತ ತಮ್ಮ ಕೋಲನ್ನು ಅದಕ್ಕೇ ಒರಗಿಸುತ್ತಿದ್ದರು. ಆದರೆ ಗೋಡೆಗೆ ಚಕ್ರ ಇರುವುದಿಲ್ಲ, ಇದಕ್ಕೆ ಇತ್ತು. ಹದಿಮೂರು ಡ್ರೈವರುಗಳು, ಕಂಡಕ್ಟರ್, ಕಾದು ಕಾದು ಬೇಸತ್ತಿದ್ದ ಪ್ರಯಾಣಿಕರು, ಎಲ್ಲರೂ ಸೇರಿ ಹೆಗಲು ಕೊಟ್ಟರು. ಎಂಟು ತಿಂಗಳ ಧೂಳು ತಲೆಯ ಮೇಲೆ ಸುರಿಯಿತು. ಪಾರಿವಾಳ ಬೈದುಕೊಂಡು ಹಾರಿತು. ಬಸ್ಸು ಒಂದು ಸಲ ನರಳಿ, ಎರಡು ಮಾರು ಹಿಂದಕ್ಕೆ ಜರುಗಿತು.

ಮೈಕಣ್ಣ ಮೆಟ್ಟಿಲು ಹತ್ತಿ ಓಡಿದ. ಈ ಸಲ ಗುಂಡಿಯನ್ನು ಹೆಬ್ಬೆರಳಿನಲ್ಲೇ ಒತ್ತಿ ಹಿಡಿದ. “ಹಸಿರು ಮೂರು, ಹಿಂದೆ. ಹಿಂದೆ. ನಿಲ್ಲು. ಕೆಂಪು ಐದು, ಬಲಕ್ಕೆ.” ಹಸಿರು ಮೂರು ಹಿಂದೆ ಹೋಯಿತು, ನಿಂತಿತು. ಕೆಂಪು ಐದು ಬಲಕ್ಕೆ ತಿರುಗಿತು. ಯಾರೂ ಕನ್ನಡಿ ನೋಡಲಿಲ್ಲ. ಅದನ್ನು ಕಂಡು ಮೈಕಣ್ಣ ಒಂದೊಂದೇ ಬಸ್ಸಿಗೆ ಹೇಳುತ್ತಾ ಹೋದ. ನಾಲ್ಕಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಕೊನೆಯ ನೀಲಿ ಬಸ್ಸು ಗೇಟು ದಾಟಿತು. ಅಂಗಳದಲ್ಲಿ ಕೆಟ್ಟ ಬಸ್ಸು ಮತ್ತು ಪಾರಿವಾಳ, ಎರಡೇ ಉಳಿದವು. ಬೆಂಚಿನ ತಾತ ಎದ್ದು ನಿಂತು ಕೋಲಿನಿಂದ ನೆಲ ಕುಟ್ಟಿದರು.

ಮ್ಯಾನೇಜರ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಮೈಕಣ್ಣ ತಟ್ಟಿದ.

“ಒಂದೇ ನಿಮಿಷ, ಬಂದೆ,” ಎಂದು ಒಳಗಿನಿಂದ ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು ಶಬ್ದವೂ ಬಂತು. ಪೀಂ ಪೀಂ.

ಮೈಕಣ್ಣ ಎರಡನೇ ಸಲ ತಟ್ಟಿದ. ಮೂರನೇ ಸಲ ತಟ್ಟುವಾಗ ಬಾಗಿಲು ಮುರಿಯುವಂತಿತ್ತು. ಕ್ಯಾಲೆಂಡರ್ ಸಾಹೇಬರು ಕನ್ನಡಕ ತಲೆಯ ಮೇಲೇರಿಸಿಕೊಂಡು ಬಾಗಿಲು ತೆರೆದರು. ಅವರ ಮುಖದಲ್ಲಿ ಎಂದೂ ಕಾಣದ ಕಳೆ ಇತ್ತು. ಮೇಜಿನ ಮೇಲೆ ಕ್ಯಾಲೆಂಡರ್ ಮಗುಚಿ ಬಿದ್ದಿತ್ತು.

“ಅಪರಾಧ ಏನು ಅಂತ ತಿಳ್ಕೊಳ್ಳೋಣ ಅಂತ ಒಂದ್ಸಲ ನೋಡಿದೆ,” ಎಂದರು. “ಮೊದಲಿಂದ ಶುರು ಮಾಡಿ ಇಪ್ಪತ್ತೆಂಟನೇದು ತನಕ ತಿಳ್ಕೊಂಡಿದ್ದೀನಿ.” ಆಮೇಲೆ ದನಿ ತಗ್ಗಿಸಿ, ನಿವೃತ್ತಿಯಾದ ಮೇಲೆ ಆ ಮನೆಯಲ್ಲಿ ಒಬ್ಬನೇ ಕೂತು ಏನು ಮಾಡುವುದು ಎಂದು ಆರು ತಿಂಗಳಿಂದ ಎದೆ ನಡುಗುತ್ತಿತ್ತು, ಇವತ್ತು ಮಧ್ಯಾಹ್ನ ಅದು ನೆನಪಿಗೇ ಬರಲಿಲ್ಲ ಎಂದರು. ಇನ್ನೊಂದು ಸಮಯದಲ್ಲಾಗಿದ್ದರೆ ಮೈಕಣ್ಣ ಕೂತು ಅವರ ಮಾತು ಕೇಳುತ್ತಿದ್ದ. ಈಗ ಕೈ ಚಾಚಿದ.

“ಫೋನ್ ಏನಾದ್ರೂ ಬಂತಾ ಸಾರ್?”

“ಮೂರು ಸಲ ಬಂತು. ಸರಿಯಾಗಿ ಕೊನೇ ಬಸ್ಸಿನ ಹೊತ್ತಿಗೇ ಬರೋದು ನೋಡಿ. ಕಟ್ ಮಾಡ್ದೆ.”

ಮೈಕಣ್ಣ ಫೋನು ಕಿತ್ತುಕೊಂಡ. ಅಲ್ಲೇ ಗೋಡೆಗೆ ಒರಗಿ ಆ ನಂಬರಿಗೆ ಫೋನು ಮಾಡಿದ. ಲ್ಯಾಬಿನ ಹೆಂಗಸು ಸಿಟ್ಟಿನಲ್ಲೇ ಎತ್ತಿದಳು. ಎಷ್ಟು ಸಲ ಮಾಡೋದು ಸಾರ್, ನೀವು ಕಟ್ ಮಾಡ್ತಾನೇ ಇದ್ದೀರಿ ಎಂದಳು. ಮೈಕಣ್ಣ ಕ್ಷಮೆ ಕೇಳಿ, ರಿಪೋರ್ಟು ಎಂದ.

“ರಿಪೋರ್ಟಿಗಲ್ಲ ಸಾರ್ ಮಾಡಿದ್ದು. ನಿಮ್ಮ ಮನೆಯವರು ಕೊಡೆ ಮರೆತು ಹೋಗಿದ್ದಾರೆ. ಅವರ ನಂಬರು ಹತ್ತಲಿಲ್ಲ, ಅದಕ್ಕೇ ನಿಮಗೆ ಮಾಡ್ದೆ. ರಿಪೋರ್ಟು ಒಂದು ದಿನ ಮುಂಚೆನೇ ಬಂತಲ್ಲ, ನಿನ್ನೆ ಮಧ್ಯಾಹ್ನ ಅವರೇ ಬಂದು ತಗೊಂಡು ಹೋದ್ರು.”

ಅದರಲ್ಲಿ ಏನಿದೆ ಎಂದು ಕೇಳಿದ. ಅದನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ, ಮನೆಯವರನ್ನೇ ಕೇಳಿ ಎಂದಳು. ಕೊಡೆ ಸಂಜೆ ಆರರೊಳಗೆ ತಗೊಂಡು ಹೋಗಿ ಎಂದೂ ಸೇರಿಸಿದಳು.

ಮೈಕಣ್ಣ ಮೆಟ್ಟಿಲು ಇಳಿದ. ನಿನ್ನೆ ಮಧ್ಯಾಹ್ನ. ಅಂದರೆ ನಿನ್ನೆಯಿಂದ ಅವಳಿಗೆ ಗೊತ್ತು, ಹೇಳಲಿಲ್ಲ. ಒಳ್ಳೆಯ ಸುದ್ದಿಯಾಗಿದ್ದರೆ ಯಾರಾದರೂ ಹೇಳದೆ ಇರುತ್ತಾರೆಯೇ? ಕೆಟ್ಟದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆತ್ತಗೆ ಹೇಳೋಣ ಎಂದು ಅವಳೂ ಎಣಿಸಿದ್ದಾಳೆ, ತಾನು ಎಣಿಸಿದ ಹಾಗೆಯೇ. ಬೆಳಿಗ್ಗೆ ಟೀ ಕುಡಿದು ಅವಳು ತನ್ನ ಮುಖ ನೋಡಿದ್ದು ಈಗ ಬೇರೆಯೇ ಅರ್ಥ ಕೊಟ್ಟಿತು.

ಆದಷ್ಟು ಬೇಗ ಮನೆ ಸೇರಬೇಕೆಂದು ಅಂಗಳಕ್ಕೆ ಬಂದು ನೋಡಿದರೆ ಒಂದು ಬಸ್ಸೂ ಇರಲಿಲ್ಲ. ಇರುವುದಾದರೂ ಹೇಗೆ? ಹತ್ತು ನಿಮಿಷದ ಹಿಂದೆ ಎಲ್ಲವನ್ನೂ ಅವನೇ ಓಡಿಸಿದ್ದ. ಮಾಡಿದ್ದುಣ್ಣೋ ಮಹಾರಾಯ ಎಂದು ಮೈಕಣ್ಣ ಬಿಸಿಲಿನಲ್ಲಿ ಎರಡು ಮೈಲಿ ನಡೆದ. ಅರ್ಧ ನಡೆದ, ಅರ್ಧ ಓಡಿದ. ದಾರಿಯಲ್ಲಿ ಸಿಕ್ಕಿದವರು ಮಾತಾಡಿಸಿದ್ದು ಕೇಳಲಿಲ್ಲ. ಇನ್ನು ಮುಂದೆ ದಿನಾ ಟೀ ತಾನೇ ಮಾಡುತ್ತೇನೆ, ಕಷಾಯವಾಗದ ಹಾಗೆ ಮಾಡುವುದನ್ನು ಕಲಿಯುತ್ತೇನೆ, ಆಟ ಮುಟ್ಟುವುದಿಲ್ಲ ಎಂದು ಯಾರಿಗೆ ಎಂದು ಗೊತ್ತಿಲ್ಲದೆ ಮಾತು ಕೊಡುತ್ತಾ ಹೋದ.

ಹೆಂಡತಿ ಕಿಟಕಿಯ ಹತ್ತಿರ ಕೂತು ಅವನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಹೊತ್ತಿಗೆ ಮುಂಚೆ ಬಂದ ಗಂಡನನ್ನು, ಅವನ ತಲೆಯ ಮೇಲಿನ ಎಂಟು ತಿಂಗಳ ಧೂಳನ್ನು ನೋಡಿ ಸೂಜಿ ನಿಲ್ಲಿಸಿದಳು. ಮೈಕಣ್ಣ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಿಂತಲ್ಲೇ ನಿಂತು, “ಲ್ಯಾಬಲ್ಲಿ ಕೊಡೆ ಮರ್ತಿದ್ದೀಯಂತೆ,” ಎಂದ.

ಅವಳು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು. ಆಮೇಲೆ ಎದ್ದು, ಮಡಿಚಿಟ್ಟ ಬಟ್ಟೆಗಳ ಕೆಳಗಿನಿಂದ ಒಂದು ಲಕೋಟೆ ತೆಗೆದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಬಿಚ್ಚದೆ ಹಿಡಿದು ನಿಂತದ್ದನ್ನು ನೋಡಿ ತಾನೇ ಹೇಳಿದಳು.

“ಏನಿಲ್ಲ ರೀ. ಬರೀ ಕೊಬ್ಬಿನ ಗಂಟಂತೆ. ಅದರ ಪಾಡಿಗೆ ಅದು ಇರುತ್ತಂತೆ.”

ಮೈಕಣ್ಣ ನೆಲದ ಮೇಲೆ ಕೂತುಬಿಟ್ಟ. ಹತ್ತು ದಿನ ತಡೆದದ್ದು ಒಟ್ಟಿಗೆ ಬಂತು. ಅತ್ತ. ಅವಳೂ ಪಕ್ಕದಲ್ಲಿ ಕೂತು ಅವನ ತಲೆಯ ಧೂಳು ಒರೆಸುತ್ತಾ ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಅಳು ನಿಂತು, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಅವನಿಗೆ ಸಿಟ್ಟು ಬಂತು.

“ನೀವ್ಯಾಕೆ ಶುಕ್ರವಾರ ಅಂದ್ರಿ?” ಎಂದು ಅವಳು ತಿರುಗಿ ಕೇಳಿದಳು. ಅವಳು ಮೂಗು ಒರೆಸಿಕೊಂಡು ಹೇಳಿದಳು. “ತಡೆಯೋಕಾಗದೆ ನಿನ್ನೆ ನಾನೇ ಲ್ಯಾಬಿಗೆ ಹೋದೆ, ಗುರುವಾರದ್ದು ಮುಂಚೆನೇ ಬಂದಿದೆ ಅಂದ್ರು. ನೀವು ಬಂದ ತಕ್ಷಣ ಹೇಳೋಣ ಅಂತ ಕಾಯ್ತಾ ಇದ್ದೆ. ನೀವು ಸೀದಾ ಬಚ್ಚಲಿಗೆ ಹೋದ್ರಿ. ಮೂರು ಸಲ ತಟ್ಟಿದೆ ರೀ. ಮೂರು ಸಲನೂ ಒಂದೇ ನಿಮಿಷ ಅಂದ್ರಿ.”

ಮೈಕಣ್ಣನಿಗೆ ನಿನ್ನೆ ಅವಳು ಹೇಳಿದ್ದು ನೆನಪಾಯಿತು. ಬಕೆಟ್ಟು.

“ಮೂರನೇ ಸಲ ಸಿಟ್ಟು ಬಂತು. ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ನೀವು ಬಸ್ಸಿಗೆ ಹೇಳ್ತಾ ಇದ್ರಿ, ದಾರಿ ಇದೆ ಬಾ ಮರಿ, ಅಂತ. ನಿಮ್ಮ ದನಿ ಅಷ್ಟು ನೆಮ್ಮದಿಯಾಗಿ ಕೇಳಿ ಎಷ್ಟು ದಿನ ಆಗಿತ್ತು. ಕೆಡಿಸೋಕೆ ಮನಸ್ಸು ಬರ್ಲಿಲ್ಲ. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ.”

“ಬೆಳಿಗ್ಗೆನೂ ಹೇಳ್ಲಿಲ್ವಲ್ಲೇ.”

“ಬೆಳಿಗ್ಗೆ ನೀವು ಟೀ ತಂದ್ಕೊಟ್ರಿ,” ಎಂದಳು. ಆಮೇಲೆ ಲಕೋಟೆಯ ಅಂಚನ್ನು ತಿಕ್ಕುತ್ತಾ, “ಹೇಳಿದ್ರೆ ನಾಳೆಯಿಂದ ನಾನೇ ಮಾಡ್ಬೇಕಾಗುತ್ತೆ. ಹೇಗೂ ಶುಕ್ರವಾರ ಅಂದಿದ್ರಲ್ಲ, ಇನ್ನೊಂದು ದಿನ ಕುಡಿಯೋಣ ಅನ್ನಿಸ್ತು,” ಎಂದಳು.

ಮೈಕಣ್ಣ ಲೆಕ್ಕ ಹಾಕಿದ. ನಿನ್ನೆ ಮೊದಲ ಸಲ ತಟ್ಟಿದಾಗ ಬಾಗಿಲು ತೆಗೆದಿದ್ದರೆ ಇವತ್ತಿನ ದಿನವೇ ಇರುತ್ತಿರಲಿಲ್ಲ. ಸಮಾಧಾನಕ್ಕೆಂದು ಬಾಗಿಲು ಹಾಕಿಕೊಂಡು ಆಡುತ್ತಿದ್ದಾಗ ಸಮಾಧಾನ ಹೊರಗೆ ನಿಂತು ಬಾಗಿಲು ತಟ್ಟುತ್ತಿತ್ತು. ಇದನ್ನು ಯಾರಿಗೆ ಹೇಳಿಕೊಳ್ಳುವುದು? ನಗು ಬಂತು. ಅವಳಿಗೆ ಇಡೀ ದಿನದ ಕತೆ ಹೇಳಿದ, ರಬ್ಬರ್ ಬ್ಯಾಂಡಿನಿಂದ ಪಾರಿವಾಳದವರೆಗೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ನಕ್ಕದ್ದೂ ಹತ್ತು ದಿನದಲ್ಲಿ ಅದೇ ಮೊದಲು.

ಅಷ್ಟರಲ್ಲಿ ಫೋನಿಗೆ ಒಂದು ಸಂದೇಶ ಬಂತು. ಕ್ಯಾಲೆಂಡರ್ ಸಾಹೇಬರದು. ಇಪ್ಪತ್ತೊಂಬತ್ತನೆಯದರಲ್ಲಿ ಹಳದಿ ಬಸ್ಸು ಸಿಕ್ಕಿಕೊಂಡಿತ್ತು, ನಾಳೆ ಬರುವಾಗ ಚಾರ್ಜರ್ ಸಮೇತ ಬನ್ನಿ ಎಂದು ಬರೆದಿದ್ದರು. ಹೆಂಡತಿ ಅದನ್ನು ಓದಿ, ಅದೆಂಥ ಆಟ, ನೋಡೋಣ ಕೊಡಿ ಎಂದಳು. ಮೈಕಣ್ಣ ತೋರಿಸಿದ. ಯಾವ ಬಸ್ಸು ಮೊದಲು, ಯಾವುದು ಆಮೇಲೆ ಎಂದು ಹೇಳಿಕೊಟ್ಟು, ಟೀ ಮಾಡಲು ಒಳಗೆ ಹೋದ. ಈ ಸಲ ಎದುರಿಗೇ ನಿಂತು, ಕುದಿ ಬಂದ ಕೂಡಲೇ ಇಳಿಸಿದ. ಬಣ್ಣ ನೋಡಿದರೆ ಟೀಯೇ ಆಗಿತ್ತು. ಎರಡು ಲೋಟಕ್ಕೆ ಬಗ್ಗಿಸಿಕೊಂಡು ಹೆಮ್ಮೆಯಿಂದ ಹೊರಗೆ ಬಂದ.

ಕಿಟಕಿಯ ಹತ್ತಿರ ಅಂಗಿ ಇತ್ತು, ಸೂಜಿ ಇತ್ತು. ಹೆಂಡತಿಯೂ ಇರಲಿಲ್ಲ, ಫೋನೂ ಇರಲಿಲ್ಲ. ಬಚ್ಚಲ ಬಾಗಿಲು ಹಾಕಿತ್ತು.

ಲೋಟಗಳನ್ನು ಕೆಳಗಿಟ್ಟು ಮೈಕಣ್ಣ ಬಾಗಿಲು ತಟ್ಟಿದ. ಟೀ ಆರಿ ಹೋಗುತ್ತದೆ ಎಂದ. ತನ್ನ ಮೈಮೇಲೆ ಇನ್ನೂ ಧೂಳಿದೆ, ಸ್ನಾನ ಮಾಡಬೇಕು, ಆರರೊಳಗೆ ಕೊಡೆ ತರಲು ಹೋಗಬೇಕು ಎಂದೂ ಹೇಳಿದ.

ಪೀಂ ಪೀಂ ಎಂಬ ಸದ್ದಾಯಿತು.

“ಒಂದೇ ನಿಮಿಷ ರೀ, ಬಂದೆ,” ಎಂದಳು ಹೆಂಡತಿ ಒಳಗಿನಿಂದ.

ಮೈಕಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ತನ್ನ ಲೋಟದ ಟೀ ಕುಡಿಯತೊಡಗಿದ.